ರುದ್ರಣ್ಣ ಕೊಡೆಕಲ್ಲು ಹತ್ತಿದ ವರ್ಷ

ಹೋದ ತಿಂಗಳು ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಮೂವರು ಹುಡುಗರು ನನ್ನನ್ನು ತಡೆದು ನಿಲ್ಲಿಸಿದರು. ಬೆನ್ನಿಗೆ ದೊಡ್ಡ ದೊಡ್ಡ ಚೀಲ, ಚೀಲದ ಮೇಲೆ ಸುತ್ತಿ ಕಟ್ಟಿದ ಡೇರೆ. "ಅಂಕಲ್, ಕೊಡೆಕಲ್ಲು ಗುಡ್ಡಕ್ಕೆ ಹೋಗೋ ಬಸ್ ಯಾವುದು?" ಎಂದು ಕೇಳಿದರು. ಹಿಂದಿನ ದಿನ ಎಲ್ಲೋ ಮಳೆಗೆ ಸಿಕ್ಕಿದ್ದರೆಂದು ಕಾಣುತ್ತದೆ. ಆ ಡೇರೆಯಿಂದ ನೆನೆದು ಒಣಗದ ಬಟ್ಟೆಯ ಮುಗ್ಗಲು ವಾಸನೆ ಬರುತ್ತಿತ್ತು. ಹೆತ್ತೂರು ಕಡೆಯ ಬಸ್ಸು ನಿಲ್ಲುವ ಜಾಗ ತೋರಿಸಿ, ಬೈನೆಗದ್ದೆಯಲ್ಲಿ ಇಳಿಯಿರಿ ಎಂದೆ. "ಮೇಲಿಂದ ವ್ಯೂ ಚೆನ್ನಾಗಿದೆಯಾ ಅಂಕಲ್?" ಎಂದು ಒಬ್ಬ ಕೇಳಿದ.

"ಗೊತ್ತಿಲ್ಲಪ್ಪ" ಎಂದೆ.

ಇದೇ ಊರಿನವನು, ಗೊತ್ತಿಲ್ಲ ಎನ್ನುತ್ತಾನಲ್ಲ ಎಂದು ಅವರಿಗೆ ನಗು ಬಂದಿರಬೇಕು. ಆದರೆ ನಾನು ಹೇಳಿದ್ದು ನಿಜ. ಆ ಗುಡ್ಡದ ನೆತ್ತಿಯ ಮೇಲೆ ನಾನು ಒಂದು ರಾತ್ರಿ ಮತ್ತು ಮರುದಿನದ ಅರ್ಧ ಹಗಲು ಕಳೆದಿದ್ದೇನೆ. ಅಲ್ಲಿಂದ ಏನು ಕಾಣುತ್ತದೆ ಎಂಬುದು ಮಾತ್ರ ಇವತ್ತಿಗೂ ತಿಳಿಯದು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ನಮ್ಮ ಬಸ್ಸು ಮಧ್ಯಾಹ್ನ ಸಕಲೇಶಪುರ ಬಿಟ್ಟು, ಕಾಫಿ ಎಸ್ಟೇಟುಗಳ ನಡುವೆ ಸುತ್ತಿ ಬಳಸಿ, ಹೆತ್ತೂರು ದಾಟಿ, ಕತ್ತಲಾಗುವ ಹೊತ್ತಿಗೆ ಬೈನೆಗದ್ದೆ ಸೇರುತ್ತಿತ್ತು. ಅಲ್ಲಿಗೆ ಟಾರು ರಸ್ತೆ ಮುಗಿಯುತ್ತಿತ್ತು. ರಾತ್ರಿ ಬಸ್ಸಿನ ಸೀಟಿನ ಮೇಲೆಯೇ ಮಲಗಿ, ಬೆಳಿಗ್ಗೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಬೈನೆಗದ್ದೆ ಹಾಲ್ಟ್ ಎಂದರೆ ಡಿಪೋದಲ್ಲಿ ಎಲ್ಲರೂ ಮೂಗು ಮುರಿಯುತ್ತಿದ್ದರು. ಮಳೆ, ಜಿಗಣೆ, ಕೆಸರು, ಕರೆಂಟಿಲ್ಲದ ರಾತ್ರಿ. ಡ್ರೈವರ್ ರುದ್ರಣ್ಣ ಮಾತ್ರ ಆ ರೂಟನ್ನು ಕೇಳಿ ಹಾಕಿಸಿಕೊಂಡವನು, ಮತ್ತೆ ಬಿಟ್ಟುಕೊಟ್ಟವನಲ್ಲ.

ಅವನದು ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ ಒಂದು ಹಳ್ಳಿ. ರಾಗಿ ಹೊಲದ ಬಯಲಿನಿಂದ ಬಂದವನಿಗೆ ಈ ತಿರುವುಗಳ ಹುಚ್ಚು ಹೇಗೆ ಹಿಡಿಯಿತೋ. ನನಗಿಂತ ಹದಿನೈದು ವರ್ಷ ದೊಡ್ಡವನು. ಹಣೆಗೆ ವಿಭೂತಿ, ಹೆಗಲಿಗೆ ಬಿಳಿ ಟವಲು, ಸ್ಟೇರಿಂಗ್ ಹಿಡಿದರೆ ಮಾತು ಕಡಿಮೆ. ಒಂದೊಂದು ತಿರುವಿಗೂ ಅವನದೇ ಹೆಸರಿತ್ತು: ಹಲಸಿನ ಮರದ ತಿರುವು, ಸೊಸೆ ತಿರುವು, ಗಂಟೆ ತಿರುವು. ಬೈನೆಗದ್ದೆಯಲ್ಲಿ ಬಸ್ಸು ನಿಲ್ಲಿಸಿ ಇಳಿದ ಮೇಲೆ ತಲೆಯೆತ್ತಿ ಕೊಡೆಕಲ್ಲನ್ನು ನೋಡುವುದು ಅವನ ರೂಢಿ. ಊರಿನ ನೆತ್ತಿಯ ಮೇಲೇ ಇರುವ ಗುಡ್ಡ ಅದು. ತುದಿಯಲ್ಲಿ ಕೊಡೆಯಂತೆ ಮುಂದಕ್ಕೆ ಚಾಚಿದ ಒಂದು ಬಂಡೆ.

"ರಿಟೈರಾಗ್ಲಿ ಕಣೋ ನಾಗ, ಒಂದಿನ ಮೇಲೋಗಿ ಕೂತ್ಕತೀನಿ" ಎನ್ನುತ್ತಿದ್ದ. "ಈ ರಸ್ತೇನ ಇಷ್ಟು ವರ್ಷದಿಂದ ಮುಂದ್ಗಡೆ ಗ್ಲಾಸಲ್ಲಿ ತುಂಡು ತುಂಡಾಗಿ ನೋಡೀವ್ನಿ. ಪೂರ್ತಿ ಒಂದೇ ಸಲ ಹೆಂಗ್ ಕಾಣ್ತದೋ ನೋಡ್ಬೇಕು."

ಗುಡ್ಡದ ಬುಡದಲ್ಲಿ ಸೋಮೇಗೌಡರ ಮನೆ. ನಾಲ್ಕೆಕರೆ ಕಾಫಿ, ಒಂದಿಷ್ಟು ಗದ್ದೆ, ಒಂದು ಕೊಟ್ಟಿಗೆ ದನ ಇದ್ದವರು. ರಾತ್ರಿ ನಮಗೆ ಅಕ್ಕಿ ರೊಟ್ಟಿ, ಕೆಸುವಿನ ಪಲ್ಯ ಅಲ್ಲಿಂದಲೇ ಬರುತ್ತಿತ್ತು. ಹಿಂದೆ ಅವರು ದನ ಹೊಡೆದುಕೊಂಡು ಕೊಡೆಕಲ್ಲಿನ ತನಕ ಹೋಗುತ್ತಿದ್ದವರು. "ಮೇಲೇನೈತೆ ರುದ್ರಪ್ಪ, ಗಾಳಿ ಬಿಟ್ರೆ" ಎಂದು ನಗುತ್ತಿದ್ದರು.

ಆ ವರ್ಷ ಮೃಗಶಿರ ಮಳೆ ಹೆಸರಿಗಷ್ಟೇ ಬಂದು, ಆರಿದ್ರ ಜೋರಾಗಿ ಹಿಡಿದುಕೊಂಡಿತು. ಒಂದು ಸಂಜೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಬೈನೆಗದ್ದೆಗೆ ಇನ್ನು ಕೆಲವೇ ತಿರುವು ಎನ್ನುವಾಗ ರುದ್ರಣ್ಣ ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ.

"ನಾಗ, ಇಳ್ದು ಮುಂದೆ ನಡಿ ಮಾರಾಯ. ನನ್ನ ಟವಲ್ ಹೆಗಲ ಮೇಲೆ ಹಾಕ್ಕ. ಅದ್ನೇ ನೋಡ್ಕಂಡು ಬತ್ತೀನಿ. ಭಾಳ ಮಂಜು."

ನಾನು ಗಾಜಿನಾಚೆ ನೋಡಿದೆ. ಹೆಡ್‌ಲೈಟಿನ ಬೆಳಕಿನಲ್ಲಿ ರಸ್ತೆ, ಮೋರಿ, ಬೇಲಿಯಾಚೆಯ ಕಾಫಿ ಎಲೆ ಎಲ್ಲ ತೊಳೆದಿಟ್ಟಂತೆ ಕಾಣುತ್ತಿದ್ದವು.

"ಮಂಜು ಎಲ್ಲೈತೆ ಅಣ್ಣ?"

ಅವನು ಮುಂದಕ್ಕೆ ಬಾಗಿ ಟವಲಿನಿಂದ ಗಾಜು ಒರೆಸಿದ. ಮತ್ತೆ ನೋಡಿದ. "ಇಲ್ವಾ?" ಎಂದ. ದನಿ ಕೆಳಗಿಳಿದಿತ್ತು. ಎಂಜಿನ್ ಆಫ್ ಮಾಡಿದ.

ಬಸ್ಸಿನಲ್ಲಿ ಹತ್ತಿಪ್ಪತ್ತು ಜನ ಇದ್ದರು. ಗಾಡಿ ಕೆಟ್ಟಿದೆ, ಇನ್ನು ಸ್ವಲ್ಪ ದೂರ ನಡೆದುಬಿಡಿ ಎಂದು ಕೇಳಿಕೊಂಡೆವು. ಅವರು ಗೊಣಗುತ್ತ ಕೊಡೆ ಬಿಚ್ಚಿ ಹೊರಟರು. ಬಸ್ಸನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಕೊನೆಯಲ್ಲಿ ನಡೆದೆವು. ರುದ್ರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ. "ಹೋದ ಚಳಿಗಾಲ್ದಿಂದ ಮಂಜು ಮಂಜು ಅಂತ ನಂಗೆ ನಾನೇ ಹೇಳ್ಕತಿದ್ದೆ ಕಣೋ" ಎಂದ. "ಇಷ್ಟು ವರ್ಷದಲ್ಲಿ ಒಂದು ಕೋಳಿ ಮರಿ ಸಾಯ್ಸಿಲ್ಲ. ಇನ್ನು ಈ ಸ್ಟೇರಿಂಗ್ ಮುಟ್ಟಾಕಿಲ್ಲ."

ಬೆಳಿಗ್ಗೆ ಎಸ್ಟೇಟಿನ ಫೋನಿನಿಂದ ಡಿಪೋಗೆ ಹೇಳಿ ಬೇರೆ ಡ್ರೈವರನ್ನು ಕರೆಸಿದೆವು. ರುದ್ರಣ್ಣ ಪ್ರಯಾಣಿಕರ ಸೀಟಿನಲ್ಲಿ ಕೂತು ಸಕಲೇಶಪುರಕ್ಕೆ ಬಂದ. ಆ ರಸ್ತೆಯಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದು ಅದೇ ಮೊದಲು.

ಹಾಸನದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಬಿಟ್ಟು ನೋಡಿದರು. ಹುಟ್ಟಿನಿಂದಲೇ ಒಳಗೆ ಇದ್ದ ತೊಂದರೆಯಂತೆ. ಮೊದಲು ರಾತ್ರಿಯ ದೃಷ್ಟಿ ಹೋಗುತ್ತದೆ, ಆಮೇಲೆ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುತ್ತದೆ, ಕೊನೆಗೆ ನಡುವೆ ಒಂದು ಕಿಂಡಿ ಉಳಿದು ಅದೂ ಹೋಗುತ್ತದೆ. "ಮದ್ದಿಲ್ಲ, ಆಪರೇಷನ್ನೂ ಇಲ್ಲ. ನಿಮಗೆ ಇಷ್ಟು ದಿನ ಗೊತ್ತಾಗದೇ ಇದ್ದದ್ದೇ ಆಶ್ಚರ್ಯ" ಎಂದರು ಡಾಕ್ಟರು.

"ಇನ್ನೆಷ್ಟು ದಿನ ಸಾರ್?"

"ಹೇಳೋಕಾಗಲ್ಲ. ನಿಮ್ಮದು ಬೇಗ ಬೇಗ ಹೋಗ್ತಾ ಇದೆ. ಒಂದು ವರ್ಷ ಇರುತ್ತೆ ಅಂತ ಕೂಡ ನಾನು ಹೇಳಲಾರೆ."

ಹಿಂದಕ್ಕೆ ಬರುವಾಗ ಆಲೂರು ದಾಟಿದ ಮೇಲೆ ಅವನು ತಟ್ಟನೆ, "ಕೊಡೆಕಲ್ಲು ಹತ್ತೋಣ ಕಣೋ" ಎಂದ. ನಾನು ತಮಾಷೆ ಎಂದುಕೊಂಡೆ. ಅವನು ಎಡಗೈ ಮುಷ್ಟಿಯನ್ನು ಕೊಳವೆಯಂತೆ ಮಾಡಿ ಕಣ್ಣಿಗೆ ಹಿಡಿದ. "ನೋಡು, ಹಿಂಗೆ ಕಾಣ್ತದೆ ನಂಗೆ. ಎದುರಿಗೆ ಕುಂತ ನಿನ್ನ ಮುಖ ಪೂರ್ತಿ ಸಿಗಾಕಿಲ್ಲ, ಮೂಗು ಕಂಡ್ರೆ ಕಿವಿ ಇಲ್ಲ. ಹತ್ರದ್ದು ಈ ತೂತ್ನೊಳಗೆ ಹಿಡಿಯಲ್ಲ. ದೂರದ್ದಾದ್ರೆ ಹಿಡೀತದೆ. ಆ ಎತ್ತರದಿಂದ ನೋಡಿದ್ರೆ ರಸ್ತೆ ಅಷ್ಟೂ ಒಂದೇ ಸಲ ಸಿಗ್ತದೆ. ಸಂಜೆ ನಮ್ಮ ಬಸ್ಸು ಬರೋದು ನೋಡ್ಬೇಕು. ಒಂದು ರಾತ್ರಿ ಅಲ್ಲೇ ಇದ್ದು, ಬೆಳಿಗ್ಗೆ ಅದು ಹೋಗೋದನ್ನೂ ನೋಡ್ಬೇಕು. ಆಮೇಲೆ ಹೋದ್ರೆ ಹೋಗ್ಲಿ."

ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಡಿಪೋದಲ್ಲಿ ಅವನನ್ನು ಗೇಟಿನ ಹತ್ತಿರ ಕೂರಿಸಿದರು. ಬಂದು ಹೋಗುವ ಬಸ್ಸುಗಳಿಗೆ ಸರಪಳಿ ಇಳಿಸುವುದು, ಹಾಕುವುದು. ನಾನು ಹೊಸ ಡ್ರೈವರ ಜೊತೆ ಅದೇ ರೂಟಿನಲ್ಲಿ ಓಡಾಡುತ್ತಿದ್ದೆ. ಬೈನೆಗದ್ದೆಯಿಂದ ನಾನು ಏನಾದರೂ ಸುದ್ದಿ ತಂದರೆ ಆ ದಿನ ಅವನಿಗೆ ಹಬ್ಬ. ದಾರಿ ಎಲ್ಲಿಂದ ಶುರು, ನೀರು ಎಲ್ಲಿ ಸಿಗುತ್ತದೆ, ಬಂಡೆಯ ಕೆಳಗೆ ಮೂರ್ನಾಲ್ಕು ಜನ ಮಲಗಬಹುದೇ, ಸೌದೆ ಹೊರಬೇಕೇ ಎಂದೆಲ್ಲ ಕೇಳಿಕೊಂಡು ಬಾ ಎನ್ನುತ್ತಿದ್ದ. ಸೋಮೇಗೌಡರು ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದರು: "ದೀಪಾವಳಿ ಕಳೀಲಿ. ಅಲ್ಲೀಗಂಟ ಮೇಲೆ ಮೋಡ ಮಲಗಿರ್ತದೆ. ಹತ್ತಿ ಏನ್ ನೋಡ್ತೀರಿ?"

"ದೀಪಾವಳೀಗೆ ಇನ್ನೂ ಎಷ್ಟು ದೂರ ಐತಲ್ಲೋ" ಎಂದ ರುದ್ರಣ್ಣ, ನಾನು ಈ ಮಾತು ತಂದು ಹೇಳಿದಾಗ. "ಹುಬ್ಬೆ ಮಳೆ ಮುಗೀತಿದ್ದಂಗೇ ಹೋಗೋಣ."

ಅವನ ಹೆಂಡತಿ ಪಾರ್ವತಕ್ಕನಿಗೆ ಈ ಮಾತು ಹೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಮಗಳನ್ನು ಬೇಲೂರಿನ ಕಡೆ ಮದುವೆ ಮಾಡಿಕೊಟ್ಟು, ಇಬ್ಬರೇ ಹೇಮಾವತಿ ಹೊಳೆಯ ಈಚೆಯ ಒಂದು ಬಾಡಿಗೆ ಮನೆಯಲ್ಲಿದ್ದರು. ಒಂದು ದಿನ ಲಾರಿ ಶೆಡ್ಡಿನವರಿಂದ ನಾನು ಹಳೇ ಟಾರ್ಪಾಲು ತಂದು ಅವರ ಜಗಲಿಯಲ್ಲಿ ಹರವಿದೆ. ಸೀಮೆಎಣ್ಣೆ, ಬೂಸಲು ಎಲ್ಲ ಸೇರಿದ ಅದರ ವಾಸನೆಗೆ ಪಾರ್ವತಕ್ಕ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದರು. ಯಾಕಿದು ಎಂದು ಕೇಳಿದರು, ಹೇಳಲೇಬೇಕಾಯಿತು.

"ಕಣ್ಣಿಲ್ದೋರ್ನ ಗುಡ್ಡ ಹತ್ತುಸ್ತೀಯೇನಪ್ಪ ನಾಗಣ್ಣ? ನಿಂಗೆ ಬುದ್ಧಿ ಬ್ಯಾಡ್ವಾ?"

"ಇನ್ನೂ ಐತೆ ಕಣೆ" ಎಂದ ರುದ್ರಣ್ಣ.

"ಏನೈತೆ? ನಿನ್ನೆ ಸಾರಿನ ಪಾತ್ರೆಗೆ ಕಾಲಿಟ್ರಲ್ಲ!"

ಅವನು ಮೊಣಕಾಲೂರಿ ಕೂತು, ಕೈಯಿಂದ ತಡವಿ ತಡವಿ, ಟಾರ್ಪಾಲಿನಲ್ಲಿ ತೂತು ಎಲ್ಲೆಲ್ಲಿದೆ ಎಂದು ಹುಡುಕತೊಡಗಿದ. ಪಾರ್ವತಕ್ಕ ಅಲ್ಲೇ ನಿಂತು ನೋಡಿದರು. ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗೋಣಿ ಹೊಲಿಯುವ ದಬ್ಬಣ, ದಾರ ತಂದು ಅವನ ಎದುರು ಕೂತರು. ಅವನು ತೂತು ತೋರಿಸುತ್ತ ಹೋದ, ಅವರು ಹೊಲಿಯುತ್ತ ಹೋದರು. "ಹೋಗೋದಾದ್ರೆ ನಾನೂ ಬತ್ತೀನಿ" ಎಂದಷ್ಟೇ ಹೇಳಿದರು.

ಅಲ್ಲಿಂದ ಭಾನುವಾರಗಳಲ್ಲಿ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತಿ ಇಳಿಯುವುದು ಶುರುವಾಯಿತು. ಕಾಲು ಗಟ್ಟಿಯಾಗಬೇಕಲ್ಲ. ಮಳೆಯಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿತ್ತು. ಪಾರ್ವತಕ್ಕ ಮುಂದೆ, ಅವರ ಸೆರಗಿನ ತುದಿ ಹಿಡಿದು ರುದ್ರಣ್ಣ, ಹಿಂದೆ ನಾನು. ಇನ್ನು ದಿನ ಹತ್ತಿರ ಬಂತು ಎನ್ನುವಂತೆ ಅವನು ಗೆಲುವಾಗಿರುತ್ತಿದ್ದ. ಮೇಲೆ ಕೂತು ಪಾರ್ವತಕ್ಕ ಬುತ್ತಿ ಬಿಚ್ಚಿ ಚಿತ್ರಾನ್ನ ಕೊಟ್ಟರೆ, ಎಲೆ ಎಲ್ಲಿದೆ ಎಂದು ಕತ್ತನ್ನು ಆಚೀಚೆ ತಿರುಗಿಸಿ ಹುಡುಕಬೇಕಾಗಿತ್ತು. ಸಿಕ್ಕಿದ ಮೇಲೆ ನಮ್ಮ ಕಡೆ ತಿರುಗಿ ನಗುತ್ತಿದ್ದ. ನಾವೂ ನಗುತ್ತಿದ್ದೆವು. 

ಹುಬ್ಬೆ ಮುಗಿಯಿತು. ಮಳೆ ಮುಗಿಯಲಿಲ್ಲ. ಉತ್ತರೆ ಮಳೆಗೆ ಬೈನೆಗದ್ದೆಯ ಗದ್ದೆಗಳಲ್ಲಿ ನೀರು ನಿಂತಿತು. ಮಹಾನವಮಿಗೆ ಎಂದುಕೊಂಡೆವು, ಹಸ್ತ ಮಳೆ ಕಲ್ಲು ಕರಗುವ ಹಾಗೆ ಸುರಿಯಿತು. ಅದು ನಿಂತ ವಾರ ನಾನು ರಜೆ ಬರೆದೆ. ಆಗಲೇ ಗುಡ್ಡದ ಬುಡಕ್ಕೆ ಆನೆ ಬಂದಿವೆ, ಬರಬೇಡಿ ಎಂದು ಸೋಮೇಗೌಡರು ಹೇಳಿ ಕಳಿಸಿದರು. ಬರೆದ ರಜೆ ವಾಪಸ್ ತೆಗೆದುಕೊಂಡೆ. ಒಂದೊಂದು ಸಲ ಮುಂದಕ್ಕೆ ಹೋದಾಗಲೂ ನಾನು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದೆ: "ಈಗೆಷ್ಟು ಕಾಣ್ತದೆ ಅಣ್ಣ?" ಆಷಾಢದಲ್ಲಿ ಬಳೆಯಷ್ಟು ಎಂದಿದ್ದ. ಗೌರಿ ಹಬ್ಬದ ಹೊತ್ತಿಗೆ ರೂಪಾಯಿ ನಾಣ್ಯದಷ್ಟು. ಮಹಾನವಮಿ ಕಳೆದ ಮೇಲೆ ನನ್ನ ಕೈಯಲ್ಲಿದ್ದ ಟಿಕೆಟ್ಟನ್ನು ಈಸಿಕೊಂಡು, ಪಂಚ್ ಮಾಡಿದ ತೂತನ್ನು ಉಗುರಿನಿಂದ ತೋರಿಸಿದ. "ಇಷ್ಟು" ಎಂದ. "ಒಂದೊಂದು ದಿನ ಇದೂ ಇರಲ್ಲ. ಮಾರನೆ ದಿನ ಬತ್ತದೆ."

ದೀಪಾವಳಿ ಕಳೆದ ಮೂರನೇ ದಿನ ಆಕಾಶ ಬಿಟ್ಟಿತು. ಎಂಥ ಬಿಸಿಲು! ಬಸ್ಸಿನ ಕಿಟಕಿಯಿಂದ ಕೊಡೆಕಲ್ಲಿನ ಮೇಲಿನ ಬಂಡೆಯ ಬಿರುಕು ಕೂಡ ಕಾಣುತ್ತಿತ್ತು. ಎಸ್ಟೇಟುಗಳಲ್ಲಿ ಅರೇಬಿಕಾ ಹಣ್ಣು ಕೆಂಪಗಾಗಿತ್ತು, ಜನ ಕಂಬಳಿ ಒಣಹಾಕಿದ್ದರು. "ಇನ್ನೊಂದ್ ವಾರ ಹಿಂಗೇ ಇರ್ತದೆ. ಬಂದ್ಬುಡಿ" ಎಂದರು ಸೋಮೇಗೌಡರು. ಆ ವಾರವೇ ನಾವು ಹೊರಟೆವು. ಹತ್ತುವ ಹಿಂದಿನ ಸಂಜೆ ನನ್ನದೇ ಬಸ್ಸಿನಲ್ಲಿ ಪ್ರಯಾಣಿಕರಾಗಿ ಬೈನೆಗದ್ದೆಗೆ ಬಂದು, ಗೌಡರ ಮನೆಯಲ್ಲಿ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಗುಡ್ಡದ ಕಡೆ ಮುಖ ಮಾಡಿದೆವು.

ಗೌಡರು ಕತ್ತಿ ಹಿಡಿದು ಮುಂದೆ. ನನ್ನ ಬೆನ್ನಿಗೆ ಟಾರ್ಪಾಲು, ಸ್ಟೌವು, ಅಕ್ಕಿ. ರುದ್ರಣ್ಣ ನನ್ನ ಬೆನ್ನಿನ ಗಂಟಿನ ಹಗ್ಗ ಹಿಡಿದಿದ್ದ, ಅವನ ಹಿಂದೆ ಪಾರ್ವತಕ್ಕ. ಕಾಲಿಗೆ ಹೊಗೆಸೊಪ್ಪಿನ ನೀರು, ಸುಣ್ಣ ಬಳಿದುಕೊಂಡಿದ್ದರೂ ಜಿಗಣೆ ಹತ್ತುತ್ತಲೇ ಇದ್ದವು. ಕಾಡಿನ ನೆರಳಿನಲ್ಲಿ ನಡೆಯುವಾಗ ಅವನಿಗೆ ಏನೂ ಕಾಣುತ್ತಿರಲಿಲ್ಲ. "ಬೇರು", "ಕಲ್ಲು", "ಎಡಕ್ಕೆ ತಗ್ಗು" ಎಂದು ನಾನು ಹೇಳುತ್ತಿದ್ದೆ. ಎರಡು ಸಲ ಬಿದ್ದ. ಮೊಣಕಾಲು ತರಚಿತು. ಎದ್ದು, "ನಡಿಯೋ, ನಡಿ" ಎಂದ.

ಬಿಸಿಲೇರುವ ಹೊತ್ತಿಗೆ ಕಾಡು ಮುಗಿದು ಹುಲ್ಲಿನ ಬೋರೆ, ಮರವಿಲ್ಲದ ಇಳಿಜಾರು, ಸಿಕ್ಕಿತು. ಅಲ್ಲಿ ತಿರುಗಿ ನೋಡಿದವನೇ ನಾನು ನಿಂತುಬಿಟ್ಟೆ. ಕೆಳಗೆ, ಹಸಿರಿನ ನಡುವೆ, ನಮ್ಮ ರಸ್ತೆ. ಹೆತ್ತೂರಿನ ಕಡೆಯ ಭಾಗ ಒಂದು ದಿಣ್ಣೆಯ ಹಿಂದೆ ಮರೆಯಾಗಿತ್ತು. ಉಳಿದದ್ದು ತಿರುವು ತಿರುವಾಗಿ ಬಿಸಿಲಿಗೆ ಮಿರುಗುತ್ತಿತ್ತು.

"ಇಲ್ನೋಡ್ರೀ, ಇಲ್ಲೇ ಕಾಣ್ತದೆ!" ಎಂದು ಪಾರ್ವತಕ್ಕ ಅವನ ಭುಜ ಹಿಡಿದು ತಿರುಗಿಸಹೋದರು.

ಅವನು ತಿರುಗಲಿಲ್ಲ. ಮುಖ ಗುಡ್ಡದ ಕಡೆಗೇ ಇತ್ತು. "ಪೂರ್ತಿ ಕಾಣ್ತದಾ?" ಎಂದು ಕೇಳಿದ.

"ಹೆತ್ತೂರ್ ಕಡೆಯದು ಇಲ್ಲ. ಅರ್ಧಕ್ಕಿಂತ ಜಾಸ್ತಿ ಐತೆ" ಎಂದೆ. "ನೋಡ್ಬುಡು ಅಣ್ಣ."

"ಬ್ಯಾಡ. ತುಂಡು ನೋಡಿ ನೋಡಿ ಸಾಕಾಗೈತೆ. ಮೇಲೋಗಿ ಒಂದೇ ಸಲ ನೋಡ್ತೀನಿ."

"ಈಗ್ಲೂ ನೋಡಿ, ಆಗ್ಲೂ ನೋಡಿ. ಏನ್ ಕಳ್ಕತೀರಿ?" ಎಂದರು ಪಾರ್ವತಕ್ಕ. 

"ಇಷ್ಟು ದಿನ ಕಾದಿಲ್ವೇನೆ?" ಎಂದು ಅವನು ಹಗ್ಗ ಜಗ್ಗಿದ, ಎತ್ತಿಗೆ ಜಗ್ಗುವ ಹಾಗೆ. ನಾನು ನಡೆದೆ. ಅವನ ಹುಮ್ಮಸ್ಸು ಕಂಡು ನನಗೂ ಅದೇ ಸರಿ ಎನಿಸಿತ್ತು. ಬಿಸಿಲು ಹಾಗಿತ್ತು.

ನೆತ್ತಿ ಇನ್ನು ಸ್ವಲ್ಪವೇ ದೂರ ಎನ್ನುವಾಗ ಗೌಡರು ನಿಂತು ಪಡುವಣದ ಕಡೆ ಮೂಗೆತ್ತಿದರು. ಗಾಳಿ ತಣ್ಣಗಾಗಿತ್ತು. ಘಟ್ಟದ ಕೆಳಗಿನಿಂದ ಬೆಳ್ಳಗೆ ಒಂದು ರಾಶಿ ಮೇಲೇರುತ್ತಿತ್ತು. ಅವರು ಹೆಜ್ಜೆ ಜೋರು ಮಾಡಿದರು. ನಾನು ರುದ್ರಣ್ಣನನ್ನು ಎಳೆದುಕೊಂಡು ಓಡುನಡಿಗೆಯಲ್ಲಿ ಹತ್ತಿದೆ. ಬಂಡೆ ಮುಟ್ಟಿ, ಏದುಸಿರು ಬಿಡುತ್ತ ಅವನನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸುವ ಹೊತ್ತಿಗೆ ಮಂಜು ನಮ್ಮನ್ನು ದಾಟಿ ಮುಂದಕ್ಕೆ ಹೋಗಿತ್ತು. ನನ್ನ ಕಾಲ ಹತ್ತಿರದ ಹುಲ್ಲು ಕಾಣುತ್ತಿತ್ತು. ಅದರಾಚೆ ಏನೂ ಇಲ್ಲ.

ರುದ್ರಣ್ಣ ಕತ್ತನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕಣ್ಣು ಉಜ್ಜಿಕೊಂಡ. ಮತ್ತೆ ಎಡಕ್ಕೆ, ಬಲಕ್ಕೆ.

"ಎಲ್ಲಿ?" ಎಂದ.

"ಮಂಜು ಬಂದ್ಬುಡ್ತು ಅಣ್ಣ. ಸ್ವಲ್ಪ ಹೊತ್ತು ಇರು, ಬಿಡ್ತದೆ."

 ನಾವು ಟಾರ್ಪಾಲು ಕಟ್ಟಿದೆವು. ಸ್ಟೌವು ಹೊತ್ತಿಸಿ ಪಾರ್ವತಕ್ಕ ಕಾಫಿ ಮಾಡಿದರು. ಅವನು ಕೂತ ಜಾಗ ಬಿಟ್ಟು ಏಳಲಿಲ್ಲ, ಮುಖ ಪೂರ್ವಕ್ಕೇ. ಮಂಜು ಬಿಡಲಿಲ್ಲ. ಸಂಜೆ ಕಪ್ಪಾಗುತ್ತ ಬಂದಾಗ, ಎಲ್ಲೋ ತುಂಬ ಕೆಳಗಿನಿಂದ ಬಸ್ಸಿನ ಸದ್ದು ಕೇಳಿಸಿತು. ರುದ್ರಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ.

"ಸೊಸೆ ತಿರುವು" ಎಂದ. "ಗೇರು ಇಳಿಸ್ಲಿಲ್ಲ ನೋಡು, ಅಯೋಗ್ಯ." ಸ್ವಲ್ಪ ತಡೆದು, "ಲೈಟು ಕಾಣ್ತದೇನೋ?" ಎಂದು ಕೇಳಿದ.

"ಇಲ್ಲ ಅಣ್ಣ. ಮಂಜು."

ಅವನು ನನ್ನ ಕಡೆ ಮುಖ ತಿರುಗಿಸಿದ. "ನಿಂಗೂ ಕಾಣ್ತಿಲ್ವಾ?"

"ದೇವ್ರಾಣೆ ಇಲ್ಲ."

"ಪಾರ್ವತಿ, ನಿಂಗೆ?"

"ನಂಗೂ ಇಲ್ಲ ಕಣ್ರೀ. ನನ್ನ ಕೈ ನಂಗೆ ಕಾಣ್ತಿಲ್ಲ."

ಅವನು ನಕ್ಕುಬಿಟ್ಟ. ಕೋಟೆಯ ಮೇಲೆ ಚಿತ್ರಾನ್ನದ ಎಲೆ ಸಿಕ್ಕಿದಾಗ ನಗುತ್ತಿದ್ದನಲ್ಲ, ಆ ನಗು ಅಲ್ಲ. "ಮಧ್ಯಾಹ್ನ ಅಷ್ಟೊಂದು ಬಿಸಿಲಿತ್ತು. ನನ್ನ ಬೆನ್ನು ಸುಡ್ತಿತ್ತು. ಮೇಲೆ ಬಂದ ತಕ್ಷಣ ಮಂಜಾ? ಆವತ್ತು ಬಸ್ಸಲ್ಲಿ ನಾನೂ ಮಂಜು ಅಂದಿದ್ದೆ ಕಣೋ" ಎಂದ. "ಮೂರು ಜನಾನೂ ಮಾತಾಡ್ಕಂಡಿದೀರಿ. ಒಳ್ಳೇ ಜನ ನೀವು."

ಗೌಡರು ಅವನ ಕೈ ಹಿಡಿದು ಹುಲ್ಲಿನ ಮೇಲಿನ ತೇವ ಮುಟ್ಟಿಸಿದರು. "ನೋಡು ರುದ್ರಪ್ಪ, ಇದು ಮಂಜಲ್ವಾ?" ಎಂದರು. ಅವನು ಕೈ ಒರೆಸಿಕೊಂಡು, "ಸಂಜೆ ಮೇಲೆ ಹುಲ್ಲು ತ್ಯಾವ ಆಗೇ ಆಗ್ತದೆ ಗೌಡ್ರೇ" ಎಂದು ಮುಸುಕೆಳೆದು ಮಲಗಿದ.

ಬೆಳಿಗ್ಗೆ ಬಸ್ಸು ಹೋದ ಸದ್ದೂ ಕೇಳಿಸಿತು. ಬಸ್ಸು ಕಾಣಲಿಲ್ಲ. ಊಟದ ಹೊತ್ತಿನ ತನಕ ಕಾದೆವು. ಬರಬರುತ್ತ ಮಂಜು ಜಿಟಿಜಿಟಿ ಮಳೆಯಾಯಿತು. ಇಳಿಯುವಾಗ ಹುಲ್ಲಿನ ಬೋರೆಯ ಮೇಲೆ ನಿಂತು ನೋಡಿದೆ, ಅಲ್ಲಿಂದಲೂ ಏನಿಲ್ಲ. ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋದಲ್ಲಿ ಹೇಳಿದರು. ಆ ವಾರವಿಡೀ ಸಕಲೇಶಪುರದಲ್ಲೂ ಮೋಡ, ಮಳೆ. ಕಣದಲ್ಲಿ ಹರವಿದ ಕಾಫಿ ಮುಗ್ಗಿತು ಎಂದು ಜನ ತಲೆ ಚಚ್ಚಿಕೊಳ್ಳುತ್ತಿದ್ದರು. ಬಿಸಿಲು ಮರಳಿ ಬಂದ ದಿನ ನಾನು ಡಿಪೋ ಗೇಟಿಗೆ ಓಡಿದೆ. ರುದ್ರಣ್ಣ ಕುರ್ಚಿಯಲ್ಲಿ ಕೂತಿದ್ದ. "ಬಿಸಿಲು ಬಂತಾ? ಬೆಚ್ಚಗೈತೆ" ಎಂದ. ಕಿಂಡಿ ಮುಚ್ಚಿತ್ತು. ಮರುದಿನವೂ ತೆರೆಯಲಿಲ್ಲ. ಮಕರ ಸಂಕ್ರಾಂತಿಯ ಹೊತ್ತಿಗೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಬೆಳಕು ಮಾತ್ರ ತಿಳಿಯುತ್ತಿತ್ತು. ಗೇಟಿನ ಕೆಲಸವೂ ಅಲ್ಲಿಗೆ ಮುಗಿಯಿತು.

ಯಾರಾದರೂ ಕಣ್ಣಿನ ವಿಷಯ ಕೇಳಿದರೆ ಅವನು, "ಕೊಡೆಕಲ್ಲಿನ ಮೇಲೆ ಹೋಯ್ತು" ಎನ್ನುತ್ತಿದ್ದ. ಅಲ್ಲ, ಅದು ಮಂಜು, ಅದಾದ ಮೇಲೂ ನಿನಗೆ ಸ್ವಲ್ಪ ಇದ್ದಿರಬೇಕು ಎಂದು ನಾನು ಎಷ್ಟೋ ಸಲ ವಾದ ಮಾಡಿದೆ. ಅವನಿಗೆ ಬೇಸರ ಬರುತ್ತಿತ್ತೇ ಹೊರತು ನಂಬಿಕೆ ಬರಲಿಲ್ಲ.

ಯುಗಾದಿಗೆ ಮೊದಲು ಒಂದು ಮಳೆ ಬಿದ್ದು ಊರ ಸುತ್ತ ಕಾಫಿ ಹೂ ಅರಳಿತು. ನನಗೆ ಅರಸೀಕೆರೆಗೆ ವರ್ಗವಾಗಿತ್ತು. ಹೇಳಿ ಹೋಗಲು ಅವರ ಮನೆಗೆ ಹೋದೆ. ರುದ್ರಣ್ಣ ಜಗಲಿಯ ಕುರ್ಚಿಯಲ್ಲಿದ್ದ. ಸೊರಗಿಹೋಗಿದ್ದ. ಹಣೆಯ ವಿಭೂತಿ ಓರೆಯಾಗಿತ್ತು. ಅದೂ ಇದೂ ಮಾತಾಡಿದ ಮೇಲೆ ಅವನು ಮೆಲ್ಲಗೆ ಕೇಳಿದ: "ಈಗಾದ್ರೂ ಹೇಳೋ ನಾಗ. ಹೆಂಗ್ ಕಾಣ್ತಿತ್ತು?"

"ಯಾವ್ದು ಅಣ್ಣ?"

"ರಸ್ತೆ. ಆವತ್ತು, ಮೇಲಿಂದ."

 ಮಂಜಿತ್ತು ಎಂದು ಮತ್ತೆ ಹೇಳಬೇಕು, ಅಥವಾ ಎದ್ದು ಹೋಗಬೇಕು. ಬಾಗಿಲಲ್ಲಿ ಪಾರ್ವತಕ್ಕ ಬಂದು ನಿಂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. "ಹೇಳ್ಬುಡಪ್ಪ ನಾಗಣ್ಣ" ಎಂದರು.

ಹೇಳಿದೆ. ಹುಲ್ಲಿನ ಬೋರೆಯ ಮೇಲೆ ನಿಂತು ನಾನು ಕಂಡದ್ದನ್ನೆಲ್ಲ ನೆನಪು ಮಾಡಿಕೊಂಡೆ. ಅಲ್ಲಿಂದ ಕಾಣದೆ ಇದ್ದ ಹೆತ್ತೂರಿನ ಕಡೆಯ ಭಾಗವನ್ನು ನಾನೇ ಕಟ್ಟಿದೆ. ಎಸ್ಟೇಟಿನ ನೆರಳಿನಿಂದ ರಸ್ತೆ ಹೊರಗೆ ಬರುವುದು, ಮೋರಿಯ ಹತ್ತಿರ ಬಾಗುವುದು, ಮತ್ತೆ ಮರದೊಳಗೆ ಹೋಗಿ ಇನ್ನೊಂದು ಕಡೆ ಹೊಳೆಯುವುದು. ನಿಧಾನವಾಗಿ ಹೇಳಿದೆ. "ಹಲಸಿನ ಮರದ ತಿರುವು?" ಎಂದು ಕೇಳಿದ. ಅದೂ ಕಾಣುತ್ತಿತ್ತು ಎಂದೆ. "ಗಂಟೆ ತಿರುವು?" ಅದೂ. ಸಂಜೆ ಬಸ್ಸು ಎರಡು ದೀಪ ಹಚ್ಚಿಕೊಂಡು ಹತ್ತಿ ಬಂದದ್ದು ಹೇಳಿದೆ. ಅವನ ಎಡಗಾಲು ಒಂದೊಂದು ತಿರುವಿಗೂ ಜಗಲಿಯ ನೆಲವನ್ನು ಒತ್ತುತ್ತಿತ್ತು, ಕ್ಲಚ್ ಒತ್ತುವ ಹಾಗೆ. ಬಸ್ಸು ಬೈನೆಗದ್ದೆ ಸೇರಿತು. ಕಾಲು ನಿಂತಿತು.

"ಚೆನ್ನಾಗೈತೆ" ಎಂದ.

 ಆಮೇಲೆ ಅವನು, ಯಾರನ್ನೂ ಕೇಳುತ್ತಿಲ್ಲ ಎಂಬ ಹಾಗೆ, "ಹಂಗಾದ್ರೆ ಆವತ್ತು ಮಂಜಿರ್ಲಿಲ್ಲ" ಎಂದ.

ನಾನು ಬಾಗಿಲ ಕಡೆ ನೋಡಿದೆ. ಪಾರ್ವತಕ್ಕ ಒಳಗೆ ಹೋಗಿಬಿಟ್ಟಿದ್ದರು.

"ಇರ್ಲಿಲ್ಲ ಅಣ್ಣ" ಎಂದೆ.

"ನಂಗೊತ್ತಿತ್ತು ಕಣೋ" ಎಂದು ಅವನು ಕುರ್ಚಿಗೆ ಒರಗಿದ.